ಸೀರೆಗೆ ಕೊಂಡಿ, ತಂತ್ರಾಂಶಕ್ಕೆ ಪರವಾನಗಿ: ಹೊರಗಿನಿಂದ ತಂದ ಎಳೆಗಳಿಗೆ ಲೆಕ್ಕ ಇಡುವವರು ಯಾರು?

ಬಾಗಲಕೋಟೆ: ಇಳಕಲ್ ಸೀರೆ ಉಡುವವರೆಲ್ಲರಿಗೂ ಅದರ ಕೆಂಪು ಸೆರಗಿನ ಪರಿಚಯವಿದೆ. ಆ ಸೆರಗು ಒಡಲಿಗೆ ಹೇಗೆ ಕೂಡಿಕೊಂಡಿದೆ ಎಂಬುದನ್ನು ಬಲ್ಲವರು ನೇಕಾರರು ಮಾತ್ರ. ಒಡಲಿನ ಹಾಸು ಒಂದು ಬಗೆಯ ನೂಲಾದರೆ ಸೆರಗಿನ ಹಾಸು ಮತ್ತೊಂದು ಬಗೆಯದು. ಹತ್ತಿಯ ಎಳೆಗೆ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಜೋಡಿಸಿ, ನಂತರ ನೇಯುತ್ತಾರೆ. ಹೀಗಾಗಿ ಸಾಂಪ್ರದಾಯಿಕ ಪದ್ಧತಿಯಲ್ಲಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ನಿನ್ನೆಯ ಸೀರೆಗೆ ಮಾಡಿದ ಜೋಡಣೆ ಇಂದಿನ ಸೀರೆಗೆ ಒದಗುವುದಿಲ್ಲ.

ಗಣಕದ ತಂತ್ರಾಂಶಗಳ ಕಥೆಯೂ ಇದಕ್ಕೆ ದೂರದ್ದಲ್ಲ. ಬೆಂಗಳೂರಿನಲ್ಲಾಗಲಿ, ಬಾಗಲಕೋಟೆಯಲ್ಲಾಗಲಿ ಇಂದು ಸಿದ್ಧವಾಗುವ ತಂತ್ರಾಂಶದ ಬಹುಪಾಲು ಎಳೆಗಳು ಹೊರಗಿನಿಂದ ಬಂದವು. ಅವು ಯಾರವು, ಯಾವ ಕರಾರಿನ ಮೇಲೆ ಬಂದವು, ಅವನ್ನು ಬಳಸಲು ಒಪ್ಪಿಗೆ ಕೊಟ್ಟವರಾರು ಎಂಬುದರ ದಾಖಲೆ ಮಾತ್ರ ಅನೇಕ ಕಡೆ ಇರುವುದಿಲ್ಲ. ಆ ದಾಖಲೆ ಇಡುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಾಲ್ವರು ವಿದ್ಯಾರ್ಥಿಗಳು, ಒಂದು ಆ್ಯಪ್

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ನಾಲ್ವರು ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಮೊಬೈಲ್ ಆ್ಯಪ್ ಒಂದನ್ನು ರಚಿಸುತ್ತಾರೆ. ಹುನಗುಂದ, ಇಳಕಲ್ ಭಾಗದ ನೇಕಾರರ ಸೀರೆಗಳನ್ನು ಅದರಲ್ಲಿ ನೇರವಾಗಿ ಕೊಳ್ಳಬಹುದು. ಬಾದಾಮಿಯ ಗುಹಾಲಯಗಳನ್ನು ನೋಡಲು ಬಂದ ಪ್ರವಾಸಿಗೆ ಮಗ್ಗವಿರುವ ಮನೆಗಳ ದಾರಿಯನ್ನೂ ಅದು ತೋರಿಸುತ್ತದೆ. ನೇಕಾರರ ಸಹಕಾರ ಸಂಘವೊಂದು ಆ್ಯಪನ್ನು ಮೆಚ್ಚಿ ಬಳಸತೊಡಗುತ್ತದೆ. ಮುಂದೆ ಬೆಂಗಳೂರಿನ ಕಂಪನಿಯೊಂದು ಹಣ ಹೂಡಲು ಮುಂದೆ ಬರುತ್ತದೆ. ಆ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ: "ಇದರಲ್ಲಿ ನೀವು ಬರೆದದ್ದೆಷ್ಟು? ಉಳಿದದ್ದು ಯಾರದು? ಪಟ್ಟಿ ಕೊಡಿ."

ವಿದ್ಯಾರ್ಥಿಗಳ ಬಳಿ ಪಟ್ಟಿಯಿಲ್ಲ. ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಈ ಸಂದರ್ಭ ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ಕಂಪನಿಗಳ ಕೊಳ್ಳುವಿಕೆ, ಹೂಡಿಕೆಯ ಪರಿಶೀಲನೆಗಳಲ್ಲಿ ಇದನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ.

ತಂತ್ರಾಂಶ ರಚಿಸುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಚಿತ್ರವನ್ನು ಕುಗ್ಗಿಸಲು, ದಿನಾಂಕವನ್ನು ಕನ್ನಡದಲ್ಲಿ ತೋರಿಸಲು, ಪಾಸ್‌ವರ್ಡನ್ನು ಭದ್ರವಾಗಿಡಲು ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳಿವೆ. ಇವುಗಳಿಗೆ ಲೈಬ್ರರಿ ಎಂದು ಹೆಸರು. ಗ್ರಂಥಾಲಯ ಎಂಬ ಅನುವಾದ ಇಲ್ಲಿ ಹೊಂದದು. ಬಡಗಿಯು ಅಂಗಡಿಯಿಂದ ತರುವ ಸಿದ್ಧ ಕೀಲು, ತಿರುಪುಗಳಿಗೆ ಇವನ್ನು ಹೋಲಿಸಬಹುದು. ವಿದ್ಯಾರ್ಥಿಗಳು ತಾವಾಗಿ ಆಯ್ದುಕೊಂಡದ್ದು ಇಪ್ಪತ್ತು ಲೈಬ್ರರಿಗಳಿರಬಹುದು. ಆದರೆ ಆ ಇಪ್ಪತ್ತೂ ಬೇರೆ ಲೈಬ್ರರಿಗಳನ್ನು ಎಳೆದು ತರುತ್ತವೆ, ಅವು ಮತ್ತಷ್ಟನ್ನು. ಹೀಗೆ ಒಂದು ಸಾಧಾರಣ ಆ್ಯಪ್‌ನೊಳಗೆ ನೂರಾರು ಜನರ ಬರಹ ಸೇರಿಕೊಳ್ಳುವುದು ಇಂದು ವಿಶೇಷವೇನಲ್ಲ.

ಉಚಿತ ಎಂದರೆ ಕರಾರಿಲ್ಲ ಎಂದಲ್ಲ

ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಬಹುದಾದದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಗಣಕದ ಪ್ರೋಗ್ರಾಂ ಸಹ ಒಂದು ಸಾಹಿತ್ಯ ಕೃತಿ. ಕಾದಂಬರಿಗೆ ಇರುವಂತೆಯೇ ಅದಕ್ಕೂ ಹಕ್ಕುದಾರನಿದ್ದಾನೆ. ಹಕ್ಕುದಾರನು ತನ್ನ ಕೃತಿಯನ್ನು ಇಂತಿಂಥ ಕರಾರಿಗೆ ಒಳಪಟ್ಟು ಬಳಸಬಹುದೆಂದು ಲಿಖಿತವಾಗಿ ತಿಳಿಸುವುದೇ ಪರವಾನಗಿ. ಯಾವ ಪರವಾನಗಿಯೂ ಇಲ್ಲದ ಸೋರ್ಸ್ ಕೋಡ್ ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿದ್ದರೂ ಅದನ್ನು ಎತ್ತಿ ನಮ್ಮ ತಂತ್ರಾಂಶದಲ್ಲಿ ಹಾಕಿಕೊಳ್ಳಲು ಅನುಮತಿ ಇಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿಯೇ.

ಕರಾರುಗಳು ಹೇಗಿರುತ್ತವೆ? ನಮ್ಮ ವಿದ್ಯಾರ್ಥಿಗಳ ಆ್ಯಪನ್ನೇ ಬಿಚ್ಚಿ ನೋಡಬಹುದು. ಅದರ ಹೆಚ್ಚಿನ ಲೈಬ್ರರಿಗಳು ಎಂಐಟಿ ಅಥವಾ ಅಪಾಚೆ ಪರವಾನಗಿಯವು ಎಂದಿಟ್ಟುಕೊಳ್ಳೋಣ. ಇವು ಉದಾರವಾದವು; ಹಕ್ಕುದಾರರ ಹೆಸರು ಮತ್ತು ಪರವಾನಗಿಯ ಪಠ್ಯವನ್ನು ಆ್ಯಪ್‌ನ ಜೊತೆಗೆ ಕೊಟ್ಟರೆ ಬಹುಮಟ್ಟಿಗೆ ಸಾಕು. ದಾರಿ ತೋರಿಸುವ ನಕ್ಷೆಯ ಮಾಹಿತಿ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. ಅದಕ್ಕೆ ಪ್ರತ್ಯೇಕ ದತ್ತಾಂಶ ಪರವಾನಗಿಯಿದ್ದು, ಕೊಡುಗೆದಾರರ ಹೆಸರನ್ನು ನಕ್ಷೆಯ ಬಳಿ ತೋರಿಸಬೇಕು. ಬಾದಾಮಿಯ ಬಗೆಗಿನ ಪರಿಚಯವನ್ನು ಕನ್ನಡ ವಿಕಿಪೀಡಿಯದಿಂದ ತೆಗೆದುಕೊಂಡಿದ್ದರೆ ಮೂಲವನ್ನು ಹೇಳಬೇಕು, ಆ ಪಠ್ಯವನ್ನು ತಿದ್ದಿ ಬೆಳೆಸಿದ್ದರೆ ತಿದ್ದಿದ ಪಠ್ಯವನ್ನೂ ಅದೇ ಕರಾರಿನಲ್ಲಿ ಹಂಚಬೇಕು. ಹಣ ಪಾವತಿಯ ರಸೀತಿಯನ್ನು ಮುದ್ರಿಸಲು ನಾಲ್ವರಲ್ಲಿ ಒಬ್ಬರು ಎಲ್ಲಿಂದಲೋ ತಂದ ಪುಟ್ಟ ಲೈಬ್ರರಿ ಜಿಪಿಎಲ್ ಪರವಾನಗಿಯದು. ಅದನ್ನು ಸೇರಿಸಿಕೊಂಡು ಹಂಚಿದ ತಂತ್ರಾಂಶದ ಸೋರ್ಸ್ ಕೋಡನ್ನೂ ಜಿಪಿಎಲ್ ಕರಾರಿನಲ್ಲಿಯೇ, ಪಡೆದವರಿಗೆ ಒದಗಿಸಬೇಕು. ವಕೀಲರು ಹುಡುಕುತ್ತಿರುವುದು ಮುಖ್ಯವಾಗಿ ಇದನ್ನೇ.

ಜಿಪಿಎಲ್ ಕೆಟ್ಟ ಪರವಾನಗಿಯೇನೂ ಅಲ್ಲ. ಲಿನಕ್ಸ್ ಇಂದು ಲೋಕವ್ಯಾಪಿಯಾಗಿರುವುದರಲ್ಲಿ ಅದರ ಪಾಲು ದೊಡ್ಡದು. ತಮ್ಮ ಕೋಡನ್ನು ತೆರೆದಿಡಲು ಸಂಘವೂ ವಿದ್ಯಾರ್ಥಿಗಳೂ ಸಿದ್ಧರಿದ್ದರೆ ತೊಂದರೆಯೇ ಇಲ್ಲ. ಆದರೆ ಅದು ತಿಳಿದು ಮಾಡಿದ ನಿರ್ಧಾರವಾಗಿರಬೇಕಲ್ಲದೆ, ವಕೀಲರ ಮೇಜಿನ ಮೇಲೆ ಹೊರಬಂದ ಸುದ್ದಿಯಾಗಿರಬಾರದು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈರ್‌ಲೆಸ್ ರೌಟರ್‌ನೊಳಗೆ ಲಿನಕ್ಸ್ ಇರುವುದು 2003ರಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಲಿಂಕ್‌ಸಿಸ್‌ನ್ನು ಸಿಸ್ಕೊ ಕೊಂಡುಕೊಂಡಿತ್ತು. ರೌಟರ್‌ನ ಚಿಪ್ ಮತ್ತು ಅದರ ಜೊತೆಗಿನ ತಂತ್ರಾಂಶ ಬ್ರಾಡ್‌ಕಾಮ್‌ನಿಂದ ಬಂದದ್ದಾಗಿತ್ತು. ಕೊಂಡವರಿಗೆ ಒಳಗೇನಿದೆ ಎಂಬುದು ತಿಳಿದಿರಲಿಲ್ಲವೋ, ತಿಳಿದೂ ಲಕ್ಷ್ಯ ಕೊಡಲಿಲ್ಲವೋ, ಅಂತೂ ಸೋರ್ಸ್ ಕೋಡನ್ನು ಬಿಡುಗಡೆ ಮಾಡಬೇಕಾಯಿತು. ಆ ಕೋಡಿನಿಂದಲೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹುಟ್ಟಿತು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರಿನಲ್ಲಿ ಸಿಸ್ಕೊ ವಿರುದ್ಧ ಮೊಕದ್ದಮೆ ಹೂಡಿ, 2009ರ ಮೇ ತಿಂಗಳಲ್ಲಿ ರಾಜಿಯಾಯಿತು.

ಹೊರಗಿನ ಚೀಟಿ ಒಂದು, ಒಳಗಿನ ಮಾಲು ಇನ್ನೊಂದು

ಪರವಾನಗಿಯ ಹೆಸರನ್ನು ಬರೆದುಕೊಂಡರೆ ಕೆಲಸ ಮುಗಿಯಿತೇ? ಮುಗಿಯುವುದಿಲ್ಲ ಎನ್ನುವುದಕ್ಕೆ 2021ರ ಮಾರ್ಚ್ ತಿಂಗಳ ಘಟನೆಯೊಂದು ಸಾಕ್ಷಿ. ಕಡತವು ಯಾವ ಬಗೆಯದೆಂದು ಗುರುತಿಸುವ ಮೈಮ್‌ಮ್ಯಾಜಿಕ್ ಎಂಬ ಪುಟ್ಟ ಲೈಬ್ರರಿಯು ಎಂಐಟಿ ಪರವಾನಗಿಯದೆಂದು ಎಲ್ಲರೂ ನಂಬಿದ್ದರು. ಅದರೊಳಗಿನ ಒಂದು ಮಾಹಿತಿ ಕಡತ ಜಿಪಿಎಲ್ ಪರವಾನಗಿಯ ಬೇರೊಂದು ಯೋಜನೆಯಿಂದ ಬಂದದ್ದೆಂದು ಆಗ ತಿಳಿದುಬಂತು. ಲೈಬ್ರರಿಯ ಕರ್ತೃ ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡರು. ರೂಬಿ ಆನ್ ರೈಲ್ಸ್ ಎಂಬ ಪ್ರಸಿದ್ಧ ಚೌಕಟ್ಟು ಈ ಲೈಬ್ರರಿಯನ್ನು ಅವಲಂಬಿಸಿತ್ತಾದ್ದರಿಂದ ಪ್ರಪಂಚದ ಅನೇಕ ಕಡೆ ಜಾಲತಾಣಗಳನ್ನು ಹೊಸದಾಗಿ ಕಟ್ಟುವ ಕೆಲಸ ನಿಂತುಹೋಯಿತು. ಮೈಮ್‌ಮ್ಯಾಜಿಕ್‌ನ ಹೆಸರನ್ನೇ ಕೇಳದವರು ಅಂದು ಅದಕ್ಕಾಗಿ ಪರದಾಡಿದರು.

ಇನ್ನೊಂದು ತೊಡಕು ಆವೃತ್ತಿಯದು. ಕನ್ನಡದ ಜಾಲತಾಣಗಳಲ್ಲಿ ಹೆಚ್ಚಾಗಿ ಕಾಣುವ ಗೂಗಲ್‌ನ ನೋಟೋ ಫಾಂಟ್‌ಗಳು ಮೊದಲು ಅಪಾಚೆ ಪರವಾನಗಿಯಲ್ಲಿದ್ದವು. 2015ರಲ್ಲಿ ಅವು ಓಪನ್ ಫಾಂಟ್ ಪರವಾನಗಿಗೆ ಬಂದವು. ಎರಡೂ ಮುಕ್ತ ಪರವಾನಗಿಗಳೇ, ಆದರೆ ಕರಾರುಗಳು ಬೇರೆ. ದತ್ತಾಂಶ ಸಂಗ್ರಹಿಸುವ ರೆಡಿಸ್ ತಂತ್ರಾಂಶದ ವಿಷಯದಲ್ಲಿ ಬದಲಾವಣೆ ಇನ್ನೂ ತೀವ್ರವಾಗಿತ್ತು. ಉದಾರವಾದ ಬಿಎಸ್‌ಡಿ ಪರವಾನಗಿಯಲ್ಲಿದ್ದ ಅದನ್ನು ಕಂಪನಿಯು 2024ರ ಮಾರ್ಚ್‌ನಲ್ಲಿ, 7.4ನೆಯ ಆವೃತ್ತಿಯಿಂದ ಮೊದಲ್ಗೊಂಡು, ನಿರ್ಬಂಧವುಳ್ಳ ಪರವಾನಗಿಗಳಿಗೆ ಬದಲಿಸಿತು. ಕೂಡಲೇ ಹಳೆಯ ಕೋಡಿನಿಂದ ವ್ಯಾಲ್ಕಿ ಎಂಬ ಕವಲು ಒಡೆಯಿತು. 2025ರ ಮೇ ತಿಂಗಳಲ್ಲಿ 8ನೆಯ ಆವೃತ್ತಿಗೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯನ್ನೂ ಸೇರಿಸಲಾಯಿತು. ಆದ್ದರಿಂದ ದಾಖಲೆಯಲ್ಲಿ "ರೆಡಿಸ್: ಒಪ್ಪಿಗೆ" ಎಂದಷ್ಟೇ ಇದ್ದರೆ ಅದಕ್ಕೆ ಅರ್ಥವಿಲ್ಲ. ಯಾವ ಆವೃತ್ತಿ ಎಂಬುದು ಇರಲೇಬೇಕು. ಸೀರೆಯ ಹಾಸಿನಂತೆ ಇಲ್ಲಿಯೂ ಪ್ರತಿ ಸಲ ಕೊಂಡಿ ಬೇರೆ.

ಪರವಾನಗಿಗಳಲ್ಲಿ ವಿನೋದಕ್ಕೂ ಕೊರತೆಯಿಲ್ಲ. ಡಗ್ಲಸ್ ಕ್ರಾಕ್‌ಫರ್ಡ್ ಅವರ ಜೇಸನ್ ಪರವಾನಗಿಯಲ್ಲಿ ಈ ತಂತ್ರಾಂಶವನ್ನು ಒಳಿತಿಗೆ ಬಳಸಬೇಕು, ಕೆಡುಕಿಗೆ ಬಳಸಕೂಡದು ಎಂಬರ್ಥದ ಕರಾರಿದೆ. ಓದಲು ಸೊಗಸಾದರೂ ಕೆಡುಕು ಎಂದರೇನೆಂದು ತೀರ್ಮಾನಿಸುವವರಾರು? ಐಬಿಎಂ ಈ ಬಗ್ಗೆ ವಿಶೇಷ ಅನುಮತಿ ಕೇಳಿತೆಂದೂ, ಕೆಡುಕಿಗೂ ಬಳಸಿಕೊಳ್ಳಿ ಎಂದು ತಾವು ಬರೆದುಕೊಟ್ಟಿದ್ದಾಗಿಯೂ ಕ್ರಾಕ್‌ಫರ್ಡ್ ತಮ್ಮ ಉಪನ್ಯಾಸದಲ್ಲಿ ನಗೆಯಾಡಿದ್ದುಂಟು. ಅಪಾಚೆ ಪ್ರತಿಷ್ಠಾನ ಮಾತ್ರ ನಗಲಿಲ್ಲ. 2016ರಲ್ಲಿ ಆ ಪರವಾನಗಿಯನ್ನು ತನ್ನ ನಿಷಿದ್ಧ ಪಟ್ಟಿಗೆ ಸೇರಿಸಿತು.

ಪ್ರಶ್ನಾವಳಿಯಿಂದ ಯಂತ್ರದವರೆಗೆ

ಒಪ್ಪಿಗೆಗಳ ದಾಖಲೆಯನ್ನು ಅತ್ಯಂತ ಕಟ್ಟುನಿಟ್ಟಾಗಿ ಇಟ್ಟುಕೊಂಡು ಬಂದ ಸಂಸ್ಥೆಗಳಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನ ಒಂದು. ನಮ್ಮ ಕಾಲೇಜುಗಳಲ್ಲಿ ಜಾವಾ ಕಲಿತ ಹಲವರು ಎಕ್ಲಿಪ್ಸ್ ತಂತ್ರಾಂಶವನ್ನು ಬಳಸಿಯೇ ಇರುತ್ತಾರೆ. ಐಬಿಎಂ 2001ರಲ್ಲಿ ಆರಂಭಿಸಿದ ಈ ಯೋಜನೆಗೆ 2004ರಲ್ಲಿ ಸ್ವತಂತ್ರ ಪ್ರತಿಷ್ಠಾನ ರೂಪುಗೊಂಡಿತು. ಎಕ್ಲಿಪ್ಸ್‌ನ ಕೋಡನ್ನು ಅನೇಕ ಕಂಪನಿಗಳು ತಮ್ಮ ಮಾರಾಟದ ಸರಕಿನಲ್ಲಿ ಸೇರಿಸಿಕೊಳ್ಳುತ್ತಿದ್ದುದರಿಂದ ಹಕ್ಕುಗಳ ಬಗ್ಗೆ ಖಾತರಿ ಬೇಕಾಗಿತ್ತು. 2003ರಲ್ಲಿ ಎಸ್‌ಸಿಓ ಕಂಪನಿಯು ಲಿನಕ್ಸ್ ವಿಚಾರವಾಗಿ ಐಬಿಎಂ ಮೇಲೆ ಹೂಡಿದ್ದ ಮೊಕದ್ದಮೆ ಉದ್ಯಮದವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದ ಕಾಲವದು.

ಅಲ್ಲಿನ ಪದ್ಧತಿ ಹೀಗಿತ್ತು. ಹೊರಗಿನ ಲೈಬ್ರರಿಯನ್ನು ತರಬಯಸುವ ಯೋಜನೆಯವರು ಒಂದು ಪ್ರಶ್ನಾವಳಿಯನ್ನು ಭರ್ತಿ ಮಾಡಬೇಕು. ಲೈಬ್ರರಿಯ ಹೆಸರು, ಆವೃತ್ತಿ, ಪರವಾನಗಿ, ಎಲ್ಲಿಂದ ತಂದದ್ದು, ತಿದ್ದಿದ್ದೇವೆಯೇ ಇಲ್ಲವೇ ಎಂಬುದನ್ನೆಲ್ಲ ತಿಳಿಸಬೇಕು. ಐಪಿಝಿಲ್ಲಾ ಎಂಬ ದಾಖಲೆ ವ್ಯವಸ್ಥೆಯಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಪ್ರತಿಷ್ಠಾನದ ಬೌದ್ಧಿಕ ಆಸ್ತಿ ತಂಡ ಕೋಡನ್ನು ತೆರೆದು, ಒಳಗೆ ಬೇರೆಯವರ ಬರಹ ನುಸುಳಿದೆಯೇ ಎಂದು ಪರಿಶೀಲಿಸಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಬರೆಯುತ್ತದೆ. ಹೊಸ ಆವೃತ್ತಿ ಬಿಡುಗಡೆಯಾಗುವ ಮುನ್ನ ಎಲ್ಲ ಒಪ್ಪಿಗೆಗಳ ದಿನಚರಿಯನ್ನು ಹಾಜರುಪಡಿಸಬೇಕು.

ಒಂದು ಯೋಜನೆಗೆ ಒಪ್ಪಿಗೆಯಾದ ಲೈಬ್ರರಿಯನ್ನು ಮತ್ತೊಂದು ಯೋಜನೆ ಬಳಸಬೇಕಾದರೆ ಪೂರ್ತಿ ಪರಿಶೀಲನೆ ಮತ್ತೆ ಬೇಡ, ಆದರೆ ಅರ್ಜಿ ಬೇಕು. ಹಿಂದಿನ ಒಪ್ಪಿಗೆಯ ಬೆನ್ನೇರಿ ಬರುವ ಇಂಥ ಅರ್ಜಿಗೆ ಅವರಿಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಕೂಸುಮರಿ ಅರ್ಜಿ ಎನ್ನಬಹುದು. ವಸ್ತುವಿಗೆ ಒಪ್ಪಿಗೆ ಬೇರೆ, ಬಳಸುವವರಿಗೆ ಒಪ್ಪಿಗೆ ಬೇರೆ ಎಂಬ ಈ ವಿವೇಚನೆ ಇಳಕಲ್‌ನವರಿಗೆ ಹೊಸದೇನಲ್ಲ. ಚೆನ್ನೈನ ಭೌಗೋಳಿಕ ಸೂಚಿ ನೋಂದಣಿ ಕಚೇರಿಯ ಪುಸ್ತಕದಲ್ಲಿ ಇಳಕಲ್ ಸೀರೆಯ ಸಂಖ್ಯೆ 76. 1999ರ ಕಾಯ್ದೆಯಂತೆ ಆ ಪುಸ್ತಕಕ್ಕೆ ಎರಡು ಭಾಗ. ಸೂಚಿಯ ನೋಂದಣಿ ‘ಎ’ ಭಾಗದಲ್ಲಿ, ಅಧಿಕೃತ ಬಳಕೆದಾರರ ನೋಂದಣಿ ‘ಬಿ’ ಭಾಗದಲ್ಲಿ. ಸೀರೆಗೆ ಮಾನ್ಯತೆ ಸಿಕ್ಕಿತೆಂದ ಮಾತ್ರಕ್ಕೆ ನೇಯುವ ಪ್ರತಿಯೊಬ್ಬನೂ ತಾನಾಗಿ ಅಧಿಕೃತ ಬಳಕೆದಾರನಾಗುವುದಿಲ್ಲ. ಪ್ರತ್ಯೇಕವಾಗಿ ಅರ್ಜಿ ಹಾಕಿ ಹೆಸರು ಬರೆಸಬೇಕು.

ಎಕ್ಲಿಪ್ಸ್‌ನ ಪದ್ಧತಿ ಭದ್ರವಾಗಿತ್ತು, ಆದರೆ ನಿಧಾನವಾಗಿತ್ತು. ಲೈಬ್ರರಿಗಳ ಸಂಖ್ಯೆ ಹತ್ತಾರು ಇದ್ದಾಗ ನಡೆಯುತ್ತಿದ್ದ ಕೆಲಸ ಸಾವಿರಗಳಾದಾಗ ನಡೆಯುವಂತಿರಲಿಲ್ಲ. ಜಾವಾಸ್ಕ್ರಿಪ್ಟ್‌ನ ಯೋಜನೆಯೊಂದು ಒಂದೇ ಆದೇಶದಿಂದ ನೂರಾರು ಲೈಬ್ರರಿಗಳನ್ನು ಇಳಿಸಿಕೊಳ್ಳುವಾಗ ಪ್ರತಿಯೊಂದಕ್ಕೂ ಮನುಷ್ಯರು ಕುಳಿತು ಕೋಡ್ ಓದುವುದು ಹೇಗೆ? 2017ರಲ್ಲಿ ಪರವಾನಗಿಯನ್ನಷ್ಟೇ ನೋಡುವ ಹಗುರ ಪರಿಶೀಲನೆಯ ಆಯ್ಕೆಯನ್ನು ಪ್ರತಿಷ್ಠಾನ ಕೊಟ್ಟಿತು. 2019ರಲ್ಲಿ ನೀತಿಯನ್ನೇ ತಿದ್ದಿ, ಹೊರಗಿನ ಲೈಬ್ರರಿಗಳಿಗೆ ಪರವಾನಗಿಯ ಹೊಂದಾಣಿಕೆ ನೋಡಿದರೆ ಸಾಕೆಂದಿತು. ಈಗ ಡ್ಯಾಶ್ ಎಂಬ ಸಾಧನ ಯೋಜನೆಯ ಲೈಬ್ರರಿ ಪಟ್ಟಿಯನ್ನು ತಾನೇ ಓದಿ, ಪ್ರತಿಷ್ಠಾನದ ಹಳೆಯ ಒಪ್ಪಿಗೆಗಳೊಂದಿಗೂ ಕ್ಲಿಯರ್ಲಿಡಿಫೈನ್ಡ್ ಎಂಬ ಸಾರ್ವಜನಿಕ ಮಾಹಿತಿ ಸಂಗ್ರಹದೊಂದಿಗೂ ತಾಳೆ ನೋಡುತ್ತದೆ. ತಾಳೆಯಾಗದವು ಮಾತ್ರ ಮನುಷ್ಯರ ಮುಂದೆ ಬರುತ್ತವೆ. ಐಪಿಝಿಲ್ಲಾದ ಜಾಗಕ್ಕೆ ಐಪಿಲ್ಯಾಬ್ ಎಂಬ ಹೊಸ ವ್ಯವಸ್ಥೆ ಬಂದಿದೆ.

ಇದರಲ್ಲಿ ಒಂದು ನಷ್ಟವಿದೆ ಎಂಬುದನ್ನೂ ಹೇಳಬೇಕು. ಮೈಮ್‌ಮ್ಯಾಜಿಕ್‌ನಂಥ ಪ್ರಕರಣವನ್ನು ಹಿಡಿಯುತ್ತಿದ್ದುದು ಕೋಡನ್ನು ತೆರೆದು ನೋಡುವ ಹಳೆಯ ಪದ್ಧತಿ. ಹೊರಗಿನ ಚೀಟಿಯನ್ನಷ್ಟೇ ನಂಬಿದರೆ ಅಂಥವು ಜಾರಿಹೋಗಬಹುದು. ಆ ಕೊರತೆಯನ್ನು ತುಂಬಲು ಕಡತ ಕಡತವನ್ನೂ ಜಾಲಾಡಿ ಪರವಾನಗಿಯ ಸಾಲುಗಳನ್ನು ಹುಡುಕುವ ಫಾಸಾಲಜಿ, ಸ್ಕ್ಯಾನ್‌ಕೋಡ್ ಮುಂತಾದ ಸಾಧನಗಳಿವೆ. ಇವೂ ಮುಕ್ತ ತಂತ್ರಾಂಶಗಳೇ ಆದ್ದರಿಂದ ವಿದ್ಯಾರ್ಥಿಗಳೂ ಹಣ ಕೊಡದೆ ಬಳಸಬಹುದು.

ಕನ್ನಡದ ಎರಡು ನಿದರ್ಶನಗಳು

ಕನ್ನಡದ ಸಾಮಗ್ರಿಯೂ ಇಂಥ ಪರಿಶೀಲನೆಯ ಬಾಗಿಲನ್ನು ದಾಟಿಯೇ ಬಂದಿದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳಿವೆ. ಡೆಬಿಯನ್‌ಗೆ ಹೊಸದಾಗಿ ಸೇರುವ ಯಾವುದೇ ಪೊಟ್ಟಣವೂ ಮೊದಲು ಸರದಿಯಲ್ಲಿ ನಿಲ್ಲುತ್ತದೆ. ಸ್ವಯಂಸೇವಕರ ತಂಡವೊಂದು ಹಕ್ಕುಸ್ವಾಮ್ಯದ ವಿವರವನ್ನು ನೋಡಿ ಒಳಬಿಡುತ್ತದೆ. ಪ್ರತಿ ಪೊಟ್ಟಣದೊಳಗೂ ಹಕ್ಕುದಾರರನ್ನೂ ಪರವಾನಗಿಯನ್ನೂ ಹೇಳುವ ಒಂದು ಕಡತ ಕಡ್ಡಾಯ. ಡೆಬಿಯನ್ ಅಥವಾ ಅದರಿಂದ ಹುಟ್ಟಿದ ಉಬುಂಟು ಇರುವ ಗಣಕದಲ್ಲಿ ಯಾರು ಬೇಕಾದರೂ ಆ ಕಡತವನ್ನು ತೆರೆದು ಓದಬಹುದು.

ಎರಡನೆಯದು ಪಠ್ಯಕ್ಕೆ ಸಂಬಂಧಿಸಿದ್ದು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಕಾದಂಬರಿಕಾರ ನಿರಂಜನರ ಕೃತಿಗಳನ್ನೂ ಅವರ ಕುಟುಂಬದವರು ಅದೇ ವರ್ಷ ಹೀಗೆ ಮುಕ್ತಗೊಳಿಸಿದರು. ವಿಕಿಮೀಡಿಯದ ತಾಣಗಳಲ್ಲಿ ಇಂಥ ಅನುಮತಿಗಳಿಗೆ ಒಂದು ಕ್ರಮವಿದೆ. ಹಕ್ಕುದಾರರು ಇ-ಮೇಲ್ ಮೂಲಕ ಕಳಿಸಿದ ಒಪ್ಪಿಗೆಯನ್ನು ಸ್ವಯಂಸೇವಕರು ಪರಿಶೀಲಿಸಿ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಕಡತದ ಪುಟದ ಮೇಲೆ ನಿಲ್ಲುತ್ತದೆ. "ಫೋನಿನಲ್ಲಿ ಹೂಂ ಅಂದಿದ್ದರು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಈಗ ಇದು ಕಾನೂನಿನ ಬಾಗಿಲಿಗೂ ಬಂದಿದೆ

ಇಷ್ಟು ಕಾಲ ಸದಾಚಾರವೆಂದು ನಡೆದುಬಂದ ಪಟ್ಟಿ ಇಡುವ ಪದ್ಧತಿ ಇತ್ತೀಚೆಗೆ ನಿಯಮವಾಗುತ್ತಿದೆ. ಅದಕ್ಕೆ ಕಾರಣ ಹಕ್ಕುಸ್ವಾಮ್ಯಕ್ಕಿಂತ ಹೆಚ್ಚಾಗಿ ಭದ್ರತೆ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೊಡ್ಡ ಬಿರುಕು ಕಂಡಾಗ, ಅದು ತಮ್ಮಲ್ಲಿ ಎಲ್ಲಿದೆ ಎಂದು ತಿಳಿಯಲು ಪಟ್ಟಿಯಿಲ್ಲದ ಕಂಪನಿಗಳು ದಿನಗಟ್ಟಲೆ ಹುಡುಕಬೇಕಾಯಿತು. ತಂತ್ರಾಂಶದ ಘಟಕಪಟ್ಟಿಯ ಬಗ್ಗೆ ಭಾರತದ ಸರ್ಟ್-ಇನ್ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ತಾಂತ್ರಿಕ ಮಾರ್ಗಸೂಚಿ ಹೊರಡಿಸಿ, 2025ರ ಜುಲೈನಲ್ಲಿ ಅದನ್ನು ವಿಸ್ತರಿಸಿತು. ಘಟಕದ ಹೆಸರು, ಆವೃತ್ತಿ, ಪೂರೈಕೆದಾರರ ಜೊತೆಗೆ ಪರವಾನಗಿಯೂ ಆ ಪಟ್ಟಿಯಲ್ಲಿ ಬರುತ್ತದೆ. ಸೆಬಿ ತನ್ನ ನಿಯಂತ್ರಣದ ಸಂಸ್ಥೆಗಳಿಗಾಗಿ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟಿನಲ್ಲಿಯೂ ಘಟಕಪಟ್ಟಿಯನ್ನು ಕೇಳಿದೆ. ಯುರೋಪಿಗೆ ಸರಕು ಕಳಿಸುವವರಿಗೆ ಅಲ್ಲಿನ ಸೈಬರ್ ಕಾಯ್ದೆಯ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ.

ನಮ್ಮ ನಾಲ್ವರು ವಿದ್ಯಾರ್ಥಿಗಳು ಇಷ್ಟೆಲ್ಲವನ್ನು ಮಾಡಬೇಕಿಲ್ಲ. ಯೋಜನೆಯ ಮೊದಲ ದಿನದಿಂದಲೇ ಸೋರ್ಸ್ ಕೋಡ್ ಇರುವಲ್ಲಿ ಒಂದು ಕಡತವನ್ನು ತೆರೆದು, ಹೊರಗಿನಿಂದ ಏನನ್ನು ತಂದರೂ ಹೆಸರು, ಆವೃತ್ತಿ, ತಂದ ಜಾಲವಿಳಾಸ, ಪರವಾನಗಿ, ಒಪ್ಪಿದವರ ಹೆಸರು, ದಿನಾಂಕವನ್ನು ಬರೆದಿಟ್ಟರೆ ಮುಕ್ಕಾಲು ಪಾಲು ಕೆಲಸ ಆದಂತೆಯೇ. ಪರವಾನಗಿಗಳಿಗೆ ಎಸ್‌ಪಿಡಿಎಕ್ಸ್ ಎಂಬ ಅಂತಾರಾಷ್ಟ್ರೀಯ ಮಾನಕವು ಚಿಕ್ಕ ಹೆಸರುಗಳನ್ನು ಗೊತ್ತುಮಾಡಿದೆ. ಅವನ್ನೇ ಬಳಸಿದರೆ ಪಟ್ಟಿಯನ್ನು ಯಂತ್ರವೂ ಓದಬಲ್ಲದು. ಹಿಂದಿನಿಂದ ಎಳೆದು ಬರುವ ಲೈಬ್ರರಿಗಳ ಪಟ್ಟಿಯನ್ನು ಸಾಧನಗಳಿಂದ ತೆಗೆಸಬೇಕು. ಕೈಯಲ್ಲಿ ಬರೆಯಲು ಹೋದರೆ ತಪ್ಪು ಖಂಡಿತ.

ಕೃತಕ ಬುದ್ಧಿಮತ್ತೆಯ ಸಹಾಯಕರು ಬರೆದುಕೊಡುವ ಕೋಡಿನ ಪ್ರಶ್ನೆ ಇದಕ್ಕಿಂತ ಕಠಿಣ. ಲೈಬ್ರರಿಗಾದರೆ ಹೆಸರು, ಆವೃತ್ತಿಗಳುಂಟು. ಹೀಗೆ ಬಂದ ಮೂವತ್ತು ಸಾಲುಗಳಿಗೆ ಅದೂ ಇಲ್ಲ. ಯಾರದೋ ಕೋಡಿನ ನಕಲು ಅದರಲ್ಲಿ ಬಂದಿದೆಯೇ ಎಂಬುದು ನೋಡಿದರೆ ತಿಳಿಯುವುದಿಲ್ಲ. ಯಾವ ಕಡತದ ಯಾವ ಭಾಗ ಹೀಗೆ ಬಂತು ಎಂದಾದರೂ ಗುರುತು ಹಾಕಿಕೊಳ್ಳುವುದು ಸದ್ಯಕ್ಕೆ ಸಾಧ್ಯವಿರುವ ಎಚ್ಚರಿಕೆ.

ರಸೀತಿ ಮುದ್ರಿಸುವ ಆ ಜಿಪಿಎಲ್ ಲೈಬ್ರರಿಯ ಪ್ರಶ್ನೆ ಉಳಿದಿದೆ. ಅದನ್ನು ತೆಗೆದು ಎಂಐಟಿ ಪರವಾನಗಿಯ ಬೇರೊಂದನ್ನು ಹಾಕಬಹುದು, ಹಕ್ಕುದಾರರಿಂದ ಪ್ರತ್ಯೇಕ ಅನುಮತಿಯನ್ನು ಲಿಖಿತವಾಗಿ ಕೇಳಬಹುದು, ಅಥವಾ ಆ್ಯಪ್‌ನ ಕೋಡನ್ನು ತೆರೆದಿಡಬಹುದು. ಮೂರರಲ್ಲಿ ಯಾವುದನ್ನು ಆಯ್ದರೂ ಮುಂದಿನ ಆವೃತ್ತಿಗೆ ಸರಿಯೇ ಹೊರತು, ಸಂಘದ ಸದಸ್ಯರ ಫೋನುಗಳಿಗೆ ಈಗಾಗಲೇ ಹೋಗಿರುವ ಪ್ರತಿಗಳ ಋಣ ತಾನಾಗಿ ತೀರುವುದಿಲ್ಲ. ಪದವಿ ಮುಗಿಸಿದ ವಿದ್ಯಾರ್ಥಿಗಳು ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ, ಆ್ಯಪ್ ಇಳಕಲ್‌ನಲ್ಲಿ ಉಳಿಯುತ್ತದೆ. ಹೊರಡುವ ಮುನ್ನ ಸಂಘದ ಕಾರ್ಯದರ್ಶಿಗೆ ಪಾಸ್‌ವರ್ಡ್‌ಗಳ ಜೊತೆಗೆ ಆ ಪಟ್ಟಿಯ ಮುದ್ರಿತ ಪ್ರತಿಯನ್ನೂ ಕೊಟ್ಟು, ಸಹಿ ಹಾಕಿಸಿಕೊಂಡು ಹೋದರೆ ಒಳಿತು.